ಹಜ್ಜೀಪುರದ ಕಂಡಕ್ಟರು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿರುವ ನಟರಾಜುವಿನ ಮೊಬೈಲ್ ಅಂಗಡಿಗೆ ಕವಿತ ಆ ತಿಂಗಳಲ್ಲಿ ಬಂದಿದ್ದು ಅದು ನಾಲ್ಕನೇ ಸಲ. ಮೊದಲ ಮೂರು ಸಲವೂ ಗಾಜಿನೊಳಗಿದ್ದ ಆ ಟಾಪ್ ಮಾಡೆಲ್ ಫೋನನ್ನು ಈಚೆ ತೆಗೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಬೆಲೆ ಕೇಳಿ, ‘ಅಯ್ಯೋ ಶಿವನೇ’ ಅಂದು, ಅವನು ತರಿಸಿಕೊಟ್ಟ ಟೀ ಕುಡಿದು ಎದ್ದು ಹೋಗಿದ್ದಳು. ಪುಣ್ಯಾತ್ಮ ಒಂದು ಸಲವೂ ಮುಖ ಗಂಟು ಹಾಕಿಕೊಂಡಿರಲಿಲ್ಲ. ಈ ಸಲ ಶನಿವಾರದ ಬೆಳಗಿನ ಸ್ಕೂಲು ಮುಗಿಸಿ, ಅಪ್ಪ ಅವ್ವ ಇಬ್ಬರನ್ನೂ ತಾನು ಕೆಲಸ ಮಾಡುವ ಯಳಂದೂರಿನಲ್ಲಿ ಬಸ್ಸು ಹತ್ತಿಸಿಕೊಂಡು ಬಂದಿದ್ದಳು. ಇವತ್ತು ತಗೊಳ್ಳುವುದು, ಇಲ್ಲವೇ ಆ ಮಾತನ್ನೇ ಬಿಟ್ಟುಬಿಡುವುದು, ಎರಡರಲ್ಲೊಂದು ಆಗಬೇಕಿತ್ತು.

ಫೋನು ಅವಳಿಗಲ್ಲ ಅನ್ನಿ. ಸರ್ಕಾರಿ ಹೈಸ್ಕೂಲಿನ ಕನ್ನಡ ಟೀಚರಿಗೆ ಒಂದೂಕಾಲು ಲಕ್ಷದ ಫೋನು ಯಾತಕ್ಕೆ? ಹಾಜರಿ ಹಾಕುವುದಕ್ಕೂ, ಗ್ರೂಪಿನಲ್ಲಿ ಬರುವ ಗುಡ್ ಮಾರ್ನಿಂಗುಗಳನ್ನು ಅಳಿಸುವುದಕ್ಕೂ ಇರುವುದೇ ಸಾಕು. ಬೇಕಾಗಿದ್ದದ್ದು ಅವಳ ಅಪ್ಪ ಮಾದಣ್ಣನಿಗೆ, ಮಾತಾಡುವುದಕ್ಕೆ.

ಫೋನು ಇರುವುದೇ ಮಾತಾಡುವುದಕ್ಕಲ್ಲವೇ ಅಂತ ನಗಬೇಡಿ. ಮಾದಣ್ಣನಿಗೆ ಅದು ಬೇಕಾಗಿದ್ದದ್ದು ಎದುರಿಗೇ ಕೂತವರ ಹತ್ತಿರ ಮಾತಾಡುವುದಕ್ಕೆ. ಹೋದ ವರ್ಷ ಯುಗಾದಿ ಕಳೆದ ಮೇಲೆ ಮೈಸೂರಿನಲ್ಲಿ ಅವನ ಗಂಟಲಿಗೆ ಆಪರೇಷನ್ ಆಯ್ತು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕಾಯ್ತು. ಜೀವ ಉಳೀತು, ದನಿ ಹೋಯ್ತು. ಕತ್ತಿನಲ್ಲಿ ಉಸಿರಾಡುವುದಕ್ಕೊಂದು ತೂತು, ಅದರ ಮೇಲೊಂದು ತೆಳುವಾದ ಬಿಳೀ ಬಟ್ಟೆ. ಅಂದಿನಿಂದ ಏನು ಹೇಳಬೇಕಾದರೂ ತನ್ನ ಹಳೇ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾನೆ, ಫೋನು ಅದನ್ನು ಗಟ್ಟಿಯಾಗಿ ಓದುತ್ತದೆ.

ಓದುವುದು ಯಾರ ದನಿಯಲ್ಲಿ ಅಂತೀರಿ? ಹೆಂಗಸಿನ ದನಿಯಲ್ಲಿ! ಆ ಫೋನಿನಲ್ಲಿ ಕನ್ನಡಕ್ಕೆ ಅಂತ ಇದ್ದದ್ದು ಅದೊಂದೇ ದನಿ. ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುವವಳ ಹಾಗೆ ಅವಳು ‘ಕಾಪಿ ಕೊಡು’ ಅಂದಾಗಲೆಲ್ಲ ಕವಿತಳ ಅವ್ವ ಪುಟ್ಟಮಾದಮ್ಮನಿಗೆ ಮೈಯೆಲ್ಲ ಉರಿ. “ಯಾವಳೋ ಒಬ್ಳು ಮನೇಲಿ ಬಂದ್ ಸೇರ್ಕಂಡವ್ಳೆ ಕಣವ್ವ. ಗಳಿಗ್ಗೊಂದ್ ಕಾಪಿ ಕೇಳ್ತಳೆ,” ಅಂತ ಮಗಳ ಹತ್ತಿರ ದೂರು ಹೇಳುತ್ತಿದ್ದಳು. ಮಾದಣ್ಣ ಹೊಟ್ಟೆ ಕುಲುಕಿಸಿಕೊಂಡು ಸದ್ದಿಲ್ಲದೆ ನಗುತ್ತಿದ್ದ. ದನಿ ಯಾರದೋ ಆದರೂ ಮಾತು ಮಾತ್ರ ಅವನದೇ. ಆ ಹಳೇ ಫೋನಿಗೆ ಸ್ವಂತ ಬುದ್ಧಿ ಅನ್ನುವುದಿರಲಿಲ್ಲ. ಅವನು ‘ಓಯ್ತೀನಿ’ ಅಂತ ಒತ್ತಿದರೆ ‘ಓಯ್ತೀನಿ’ ಅಂತಲೇ ಓದುತ್ತಿತ್ತು, ‘ಆಲು ಉಕ್ಕೋಯ್ತು’ ಅಂದರೆ ‘ಆಲು ಉಕ್ಕೋಯ್ತು’. ಆದರೆ ಅದಕ್ಕೂ ವಯಸ್ಸಾಗಿತ್ತಲ್ಲ, ಮಧ್ಯಾಹ್ನಕ್ಕೆಲ್ಲ ಚಾರ್ಜು ಖಾಲಿಯಾಗಿ ಅರ್ಧ ಮಾತಿನಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಸಂಜೆವರೆಗೂ ಮಾದಣ್ಣ ಕೈಸನ್ನೆ ಮಾಡಿಕೊಂಡು ಕೂರಬೇಕು.

ಬೇರೆ ಯಾವುದಾದರೂ ಸಾಧಾರಣ ಫೋನು ತಗೊಂಡಿದ್ದರೂ ಆಗುತ್ತಿತ್ತು. ಆದರೆ ಮೊದಲ ಸಲ ಬಂದಾಗಲೇ ನಟರಾಜು ಒಂದು ಮಾತು ಅಂದುಬಿಟ್ಟಿದ್ದ. “ಮೇಡಂ, ಈ ಟಾಪ್ ಮಾಡೆಲ್‌ಗೆ ಮನ್ಸನ ಅಳೇ ರೆಕಾರ್ಡಿಂಗು ಒಂದೆರಡು ನಿಮಿಷದ್ದು ಕೊಟ್ರೆ ಸಾಕು. ಕೇಳಿಸ್ಕಂಡು ಅದೇ ದನೀಲಿ ಮಾತಾಡ್ತದೆ.” ಆ ಮಾತು ಕವಿತಳ ತಲೆಯೊಳಗೆ ಹೋಗಿ ಕೂತದ್ದು ಮತ್ತೆ ಈಚೆ ಬರಲೇ ಇಲ್ಲ.

ಯಾಕೆಂದರೆ, ಅಪ್ಪನ ದನಿ ಅಂದರೆ ಅದೇನು ಸಾಮಾನ್ಯದ ದನಿಯೇ? ಮೂವತ್ತೊಂದು ವರ್ಷ ಪ್ರೈವೇಟ್ ಬಸ್ಸಿನ ಕಂಡಕ್ಟರು ಅವನು. ಹೂಗ್ಯಂನಿಂದ ಬೆಳಿಗ್ಗೆ ಹೊರಟು ರಾಮಾಪುರ, ಅಜ್ಜೀಪುರ, ಹನೂರು, ಕಾಮಗೆರೆ ಮೇಲೆ ಕೊಳ್ಳೇಗಾಲ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಬಸ್ಸಿನ ಒಳಗೆ ರೇಷ್ಮೆಗೂಡಿನ ಚೀಲ, ಹುಣಸೇಹಣ್ಣಿನ ಕುಕ್ಕೆ, ಕಾಲು ಕಟ್ಟಿದ ಕೋಳಿ. ಮೇಲುಗಡೆ ಸೌದೆ ಹೊರೆ, ಒಂದೊಂದು ಸಲ ಮೇಕೆ. ಫುಟ್‌ಬೋರ್ಡಿನ ಮೇಲೆ ಒಂದು ಕಾಲಲ್ಲಿ ನಿಂತು ಮಾದಣ್ಣ ಕೂಗಿದನೆಂದರೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ‘ಎಂಟು ಗಂಟೆ ಆಯ್ತು’ ಅಂತ ಬುತ್ತಿ ಬಿಚ್ಚುತ್ತಿದ್ದರು. ಗಡಿ ಕಡೆಯ ಕೂಲಿ ಹೆಂಗಸರು ಓಡಿ ಬಂದರೆ ‘ವಾಂಗಮ್ಮ ವಾಂಗ’ ಅಂತ ಅವರ ತಮಿಳಿನಲ್ಲೇ ಕರೆದು ಮಕ್ಕಳನ್ನು ಕಂಕುಳಿಗೆ ಕೈ ಹಾಕಿ ಎತ್ತಿಕೊಳ್ಳುತ್ತಿದ್ದ. ಕಾಡಿನ ತಿರುವಿನಲ್ಲಿ ಆನೆ ಅಡ್ಡ ನಿಂತಾಗ ಮಾತ್ರ ಅವನು ಬಾಯಿ ಮುಚ್ಚುತ್ತಿದ್ದದ್ದು. ಆಗ ಇಡೀ ಬಸ್ಸೇ ಉಸಿರು ಬಿಗಿ ಹಿಡಿದು ಕೂತಿರುತ್ತಿತ್ತು. ಕವಿತ ಈಗಲೂ ಬಸ್ಸಿನ ಡೀಸೆಲ್ ವಾಸನೆಗೆ ಹೂವಿನ ವಾಸನೆ ಬೆರೆತರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಎಷ್ಟು ಚೆನ್ನಾಗಿತ್ತು ಆ ಕಾಲ ಅನ್ನಿಸಿ ಅವಳಿಗೆ ಅಳು ಬಂದ ಹಾಗಾಗುತ್ತದೆ.

ಇಷ್ಟು ಕೂಗಿದ ಮನುಷ್ಯನ ಒಂದು ಕೂಗನ್ನೂ ಯಾರೂ ಹಿಡಿದಿಟ್ಟಿರಲಿಲ್ಲ. ಆಗ ಯಾರ ಕೈಯಲ್ಲಿ ಏನಿತ್ತು? ಕೊನೆಗೆ ರೆಕಾರ್ಡಿಂಗು ಸಿಕ್ಕಿದ್ದು ಪುಟ್ಟಮಾದಮ್ಮನ ಫೋನಿನಲ್ಲಿ. ಅವಳಿಗೆ ಓದು ಬರದು, ಹಾಗಾಗಿ ಮಾದಣ್ಣ ಸಂತೆಗೆ ಹೋಗಲಿ, ನೆಂಟರ ಮನೆಗೆ ಹೋಗಲಿ, ಎಲ್ಲವನ್ನೂ ವಾಯ್ಸ್ ಮೆಸೇಜಿನಲ್ಲೇ ಕಳಿಸುತ್ತಿದ್ದ. ‘ಲೇ ಪುಟ್ಟಿ, ಉಣ್ಕಂಡಾ? ನಾನ್ ಬರದು ಒತ್ತಾಯ್ತದೆ, ಕಾಯ್ಬ್ಯಾಡ.’ ‘ಲೇ, ಬದ್ನೇಕಾಯಿ ಎಳೇವು ಅವೆ, ತತ್ತೀನಿ.’ ಅಂಥವು ನೂರಾರು. ಅವಳು ಒಂದನ್ನೂ ಅಳಿಸಿರಲಿಲ್ಲ. ಪ್ರೀತಿಗೆ ಇಟ್ಟುಕೊಂಡಿದ್ದಾಳೆ ಅಂತ ಕವಿತ ಕಣ್ಣೀರು ಹಾಕಿದರೆ, “ಅಳ್ಸದು ಎಂಗೆ ಅಂತ ನಂಗೇನ್ ಗೊತ್ತವ್ವ?” ಅಂದುಬಿಟ್ಟಳು.

ಆ ಮೆಸೇಜುಗಳನ್ನೆಲ್ಲ ಹಿಂದಿನ ವಾರವೇ ಕವಿತ ನಟರಾಜುವಿಗೆ ಕಳಿಸಿದ್ದಳು. ಈಗ ಅವನು ಡೆಮೊ ಫೋನಿನಲ್ಲಿ ಎಲ್ಲ ಸಿದ್ಧ ಮಾಡಿ ಮಾದಣ್ಣನ ಕೈಗೆ ಕೊಟ್ಟ. “ಒತ್ತಿ ಮಾದಣ್ಣೋರೆ. ನಾನೂ ಕೇಳಿ ಇಪ್ಪತ್ತೊರ್ಷ ಆಯ್ತು,” ಅಂದ. ಅವನೂ ಅಜ್ಜೀಪುರದವನು, ಓದುವ ಕಾಲದಲ್ಲಿ ಅದೇ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ಹೋಗಿ ಮಾಡಿದವನು.

ಮಾದಣ್ಣ ಕನ್ನಡಕ ಏರಿಸಿಕೊಂಡು, ‘ಏನ್ ಪುಟ್ಟಿ ಎಂಗದೆ ನನ್ ದನಿ’ ಅಂತ ಒತ್ತಿದ.

“ಏನು ಪುಟ್ಟಿ, ನನ್ನ ದನಿ ಹೇಗಿದೆ?”

ಪುಟ್ಟಮಾದಮ್ಮ ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದಳು. ಅದೇ ದನಿ! ಆ ಸ್ವಲ್ಪ ಗೊರಗೊರ, ಕೊನೆಯಲ್ಲಿ ಎಳೆಯುವ ಆ ರಾಗ, ಎಲ್ಲ ಅದೇ. ಸೆರಗನ್ನು ಬಾಯಿಗಿಟ್ಟುಕೊಂಡು ಸ್ಟೂಲಿನ ಮೇಲೆ ಕುಸಿದು ಕೂತಳು. ನಟರಾಜು ಕೂಡ ಮೂಗೊರೆಸಿಕೊಂಡ. ಸಾರ್ಥಕವಾಯ್ತು, ಒಂದೂಕಾಲು ಲಕ್ಷವಲ್ಲ, ಇನ್ನೊಂದಷ್ಟು ಆದರೂ ಕೊಡಬಹುದು ಅನ್ನಿಸಿತು ಕವಿತಳಿಗೆ.

ಹುರುಪಿಗೆ ಬಿದ್ದ ಮಾದಣ್ಣ ಮತ್ತೆ ಒತ್ತಿದ, ‘ಒಟ್ಟೆ ಅಸೀತದೆ ಓಗದ ನಡಿ’ ಅಂತ.

“ಹೊಟ್ಟೆ ಹಸಿಯುತ್ತಿದೆ. ಹೋಗೋಣ ನಡೆ.”

“ತಪ್ಪೆಲ್ಲ ತಾನೇ ತಿದ್ಕಳ್ತದೆ ಮೇಡಂ,” ನಟರಾಜು ಬೀಗಿದ. “ನಾವ್ ಎಂಗೇ ಒತ್ಲಿ, ಇದು ಶುದ್ಧವಾಗಿ ಮಾತಾಡ್ತದೆ.”

ಪುಟ್ಟಮಾದಮ್ಮ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ಗಂಡನನ್ನೇ ದಿಟ್ಟಿಸಿದಳು. ಇನ್ನೊಂದು ಸಲ ಮಾತಾಡಿಸು ಅಂತ ಸನ್ನೆ ಮಾಡಿದಳು. “ನೀನು ಯಾಕೆ ಅಳುತ್ತಿದ್ದೀಯೆ?” ಅಂದಿತು ಫೋನು. ಅವಳು ಮಗಳ ಕಡೆ ತಿರುಗಿ, “ದನಿ ಇವ್ರ್ದೇ ಕಣವ್ವ. ಮಾತು ನಿಂದು,” ಅಂದಳು.

ಕವಿತಳಿಗೆ ಕಪಾಳಕ್ಕೆ ಹೊಡೆದ ಹಾಗಾಯ್ತು. ಅವ್ವ ಕೊಂಕು ಆಡಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಮಾದಣ್ಣ ಮಾತ್ರ ತನ್ನ ಹಳೇ ಫೋನು ತೆಗೆದು ಏನೋ ಒತ್ತಿದ. ಆ ಹೆಂಗಸು ಓದಿದಳು: “ಚೆನ್ನಾಗದೆ ಬುಡು. ಮಗಳ್ಗೆ ಇಂಗ್ ಮಾತಾಡುದ್ರೇ ಇಷ್ಟ.”

ಆ ಒಂದು ಮಾತಿಗೆ ಕವಿತ ಹನೂರಿನ ಹೈಸ್ಕೂಲಿಗೆ ಹೋಗಿ ಬಿದ್ದಳು. ಒಂಬತ್ತನೇ ಕ್ಲಾಸು. ಬೆಳಿಗ್ಗೆ ಅಪ್ಪನ ಬಸ್ಸಿನಲ್ಲೇ ಹೋಗುತ್ತಿದ್ದಳು. ನಮ್ಮ ಸೀಮೆಯಲ್ಲಿ ‘ಹ’ ಅನ್ನುವ ಅಕ್ಷರ ಪುಸ್ತಕದಲ್ಲುಂಟು, ಬಾಯಲ್ಲಿಲ್ಲ. ಹಾಲು ಆಲೇ, ಹೂವು ಊವೇ. ಹೊಸದಾಗಿ ಬಂದಿದ್ದ ಕನ್ನಡ ಮೇಷ್ಟ್ರು ನಂಜಯ್ಯನವರು ಹಟ ಹಿಡಿದು ಕಲಿಸುತ್ತಿದ್ದರು. ಬಾಯಿ ಮುಂದೆ ಅಂಗೈ ಹಿಡಿಯಿರಿ, ‘ಹ’ ಅನ್ನಿ, ಬಿಸಿ ಗಾಳಿ ತಾಗಿದರೆ ಬಂತು ಅಂತ ಅರ್ಥ. ಮೊದಲು ಬಂದದ್ದು ಕವಿತಳಿಗೇ. ಬಂದಮೇಲೆ ಕೇಳಬೇಕೆ, ನೆಲ ಕಾಣಲಿಲ್ಲ ಹುಡುಗಿಗೆ. ಅಪ್ಪ ‘ಅನೂರ್ ಅನೂರ್ ಅನೂರ್’ ಅಂತ ಕೂಗಿದಾಗ ಜೊತೆಯ ಹುಡುಗಿಯರು ಕಿಸಕ್ಕೆಂದರೆ ಇವಳ ಜೀವ ಹಿಡಿಯಷ್ಟಾಗುತ್ತಿತ್ತು.

ಒಂದು ದಿನ ಮನೆಯಲ್ಲಿ ಹೇಳಿಯೇಬಿಟ್ಟಳು: “ಅಪ್ಪ, ಊರಿನ ಹೆಸರಾದರೂ ಸರಿಯಾಗಿ ಹೇಳು. ನನಗೆ ನಾಚಿಕೆಯಾಗುತ್ತೆ.” ಮಾದಣ್ಣ ಸಿಟ್ಟಾಗಲಿಲ್ಲ. ಒಲೆ ಮುಂದೆ ಕೂತು, ಬಾಯಿಗೆ ಅಂಗೈ ಅಡ್ಡ ಹಿಡಿದು, ಮಗಳು ಹೇಳಿಕೊಟ್ಟ ಹಾಗೆ ಹನೂರು, ಹೂಗ್ಯಂ, ಹಾಲು, ಹಣ್ಣು ಅಂತ ಬೆವರು ಬರುವ ತನಕ ಹೇಳಿದ. ಪುಟ್ಟಮಾದಮ್ಮ ಬಿದ್ದು ಬಿದ್ದು ನಕ್ಕಳು.

ಮಾರನೇ ಬೆಳಿಗ್ಗೆ ಬಸ್ಸು ತುಂಬ ಜನ. ಅಜ್ಜೀಪುರ ಹತ್ತಿರವಾದಾಗ ಮಾದಣ್ಣ ಎದೆಯುಬ್ಬಿಸಿ, ಉಸಿರೆಳೆದುಕೊಂಡು ಕೂಗಿದ. “ಹಜ್ಜೀಪುರ, ಹಜ್ಜೀಪುರ! ಹಿಳ್ಕಳ್ರಪ್ಪೋ! ಯಾರ್ದ್ರಪ್ಪ ಇದು ಹಕ್ಕಿ ಮೂಟೆ?”

ಅಕ್ಕಿ ಮೂಟೆ ಹಕ್ಕಿ ಮೂಟೆಯಾಗಿತ್ತು. ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡಿತು. “ಮಾದಣ್ಣ, ಮೂಟೆ ಬಾಯ್ ಬಿಗಿಯಾಗ್ ಕಟ್ಟಪ್ಪೋ, ಆರೋಗ್ಬುಟ್ಟವು!” ಅಂತ ಯಾರೋ ಕಿರುಚಿದರು. ಮಾದಣ್ಣನಿಗೆ ಏನು ತಪ್ಪಾಯ್ತು ಅಂತಲೇ ತಿಳಿಯಲಿಲ್ಲ. ಎಲ್ಲರ ತಲೆಯ ಮೇಲಿಂದ ಮಗಳ ಕಡೆ ನೋಡಿ ಹುಬ್ಬು ಹಾರಿಸಿದ, ಸರಿಯಾಯ್ತಾ ಅಂತ. ಮಗಳು ಕಿಟಕಿಯಾಚೆ ಮುಖ ತಿರುಗಿಸಿದಳು. ಸಂಜೆ ಮನೆಗೆ ಬಂದವಳು ಚೀಲ ಎಸೆದು, “ನಿನಗೆ ಬರಲ್ಲ ಅಂದರೆ ಸುಮ್ಮನಿರು. ನನ್ನ ಮಾನ ಕಳೀಬೇಡ,” ಅಂದಿದ್ದಳು. ಅವನಿಗೆ ಆ ಹೆಸರು ಬಹಳ ದಿನ ಅಂಟಿಕೊಂಡಿತ್ತು, ಹಜ್ಜೀಪುರದ ಕಂಡಕ್ಟರು ಅಂತ.

ಈಗ ಅಂಗಡಿಯ ಸ್ಟೂಲಿನ ಮೇಲೆ ಕೂತು ಕವಿತ ಕುಗ್ಗಿಹೋದಳು. ಹಳೇ ಫೋನಿನಲ್ಲಿ ಮಾತು ಅಪ್ಪನದು, ದನಿ ಯಾರದೋ. ಹೊಸದರಲ್ಲಿ ದನಿ ಅಪ್ಪನದು, ಮಾತು ಯಾರದೋ. ಆ ಯಾರದೋ ಅನ್ನುವುದು ತಾನೇ ಅಂತ ಅವ್ವ ಹೇಳಿಯೂ ಆಗಿತ್ತು.

“ನಟರಾಜು, ಈ ತಿದ್ದುವುದನ್ನು ತೆಗೆಯೋಕೆ ಆಗಲ್ವಾ?” ಅಂದಳು.

ಅವನು ಎಲ್ಲೆಲ್ಲೋ ಒತ್ತಿ, ಸೆಟ್ಟಿಂಗಿನ ಒಳಗೆ ಹೋಗಿ, ಮತ್ತೆ ಈಚೆ ಬಂದು, ಕೊನೆಗೆ ಒಂದು ಗುಂಡಿ ಹುಡುಕಿದ. “ಆಫ್ ಮಾಡ್ದೆ ಮೇಡಂ. ಆದ್ರೂ ಅದಕ್ಕೆ ಗೊತ್ತಿಲ್ದಿರೋ ಪದ ಬಂದ್ರೆ ಬದಲಾಯಿಸ್ಬುಡ್ತದೆ. ಸ್ವಂತ ಪದ ಅಂತ ಒಂದು ಪಟ್ಟಿ ಅದೆ. ಅದ್ರಲ್ಲಿ ಒಂದೊಂದೇ ಸೇರಿಸ್ಬೇಕು.”

“ಕೊಡಿ ಇಲ್ಲಿ,” ಅಂದಳು ಕವಿತ.

ಆಮೇಲೆ ನಡೆದದ್ದನ್ನು ಅವಳ ಸ್ಕೂಲಿನ ಮಕ್ಕಳು ನೋಡಿದ್ದರೆ ಏನನ್ನುತ್ತಿದ್ದರೋ! ಹದಿನೆಂಟು ವರ್ಷದಿಂದ ಇವೇ ಪದಗಳಿಗೆ ಕೆಂಪು ಇಂಕಿನಲ್ಲಿ ಗೀಟು ಎಳೆದ ಟೀಚರು, ಅವನ್ನೇ ಒಂದೊಂದಾಗಿ ಫೋನಿಗೆ ಕಲಿಸತೊಡಗಿದಳು. ಓಗು. ಓಯ್ತೀನಿ. ಎಂಗೆ. ಉಡ್ಗಿ. ಅಣ್ಣು. ಒಂದೊಂದಕ್ಕೂ ಫೋನು, ‘ಇದನ್ನು ಹಣ್ಣು ಎಂದು ಬದಲಾಯಿಸಲೇ?’ ಅಂತ ಕೇಳುವುದು, ಇವಳು ಬೇಡ ಅನ್ನುವುದು. “ಹಾಸಿಗೆಗೆ ಏನಂತೀಯಪ್ಪ?” ಅಂತ ಕೇಳಿದರೆ ಮಾದಣ್ಣ ಗಾಳಿಯಲ್ಲಿ ಬೆರಳಿನಿಂದ ‘ಆ’ ಬರೆಯುತ್ತಿದ್ದ. “ಹೆಂಡತಿಗೆ?” ಅಂದರೆ ಪುಟ್ಟಮಾದಮ್ಮನೇ ನಡುವೆ ಬಾಯಿ ಹಾಕಿ, “ಅದ್ಕೇನ್ ಬರೀತೀಯ, ಲೇ ಅಂತ ಬರ್ಕೊ. ಇನ್ನೇನಾದ್ರೂ ಅಂದವ್ನಾ ಇಷ್ಟ್ ವರ್ಸದಲ್ಲಿ?” ಅಂದಳು. ಅಂಗಡಿಗೆ ಬಂದಿದ್ದ ಗಿರಾಕಿಗಳೂ ಸುತ್ತ ನಿಂತು ತಮಗೆ ತೋಚಿದ್ದನ್ನು ಕೂಗಿ ಹೇಳತೊಡಗಿದರು. ಮುಕ್ಕಾಲು ಗಂಟೆಯಲ್ಲಿ ಇನ್ನೂರು ಪದದ ಹತ್ತಿರ ಬಂತು. ಕವಿತಳಿಗೆ ಎಷ್ಟೋ ವರ್ಷದ ಮೇಲೆ ಅವ್ವನ ಮಗ್ಗುಲಲ್ಲಿ ಕೂತು ಉಂಡಷ್ಟು ಸುಖವಾಗಿತ್ತು.

ಊರುಗಳ ಹೆಸರಿಗೆ ಬಂದಾಗ ಅವಳ ಬೆರಳು ನಿಂತಿತು.

“ಅಪ್ಪ, ಆ ಹಜ್ಜೀಪುರ ಆಯ್ತಲ್ಲ, ಅದಾದ ಮೇಲೆ ನೀನು ಹೇಗೆ ಕೂಗ್ತಿದ್ದೆ? ಹನೂರು ಅಂತಲೋ, ಹಳೇ ಥರಾನೋ? ನಾನು ಇನ್ನೂ ಒಂದೂವರೆ ವರ್ಷ ಅದೇ ಬಸ್ಸಲ್ಲಿ ಹೋಗಿದ್ದೀನಿ. ಎಷ್ಟು ಯೋಚಿಸಿದರೂ ನೆನಪೇ ಆಗ್ತಿಲ್ಲ ನೋಡು.”

ಮಾದಣ್ಣ ಕೈ ಬೀಸಿ, ಬಿಡು ಅನ್ನುವ ಹಾಗೆ ಸನ್ನೆ ಮಾಡಿದ.

“ಎಲ್ಲಿ ಕೂಗ್ತಿದ್ದ?” ಅಂದಳು ಪುಟ್ಟಮಾದಮ್ಮ. ಗಂಡ ಕಣ್ಣು ಬಿಟ್ಟು ಹೆದರಿಸಿದ್ದನ್ನು ಅವಳು ಗಮನಿಸಲೇ ಇಲ್ಲ. “ನೀನ್ ಓಗೋ ಗಾಡೀಲಿ ಬರೀ ಸೀಟಿ ಊದ್ತಿದ್ದ. ಮಗ ಬೇಜಾರ್ ಮಾಡ್ಕತದೆ ಅಂತಿದ್ದ. ನೀನ್ ಅನೂರಲ್ಲಿ ಇಳ್ಕಂಡ್ ಮ್ಯಾಲೆ ಕೂಗಕ್ ಸುರು ಮಾಡದು.”

“ಓಹೋ, ಅದಾ ಸಮಾಚಾರ!” ಅಂದ ನಟರಾಜು. “ನಾವೆಲ್ಲ ಮಾದಣ್ಣೋರ್ಗೆ ಬೆಳಿಗ್ಗೆ ಒತ್ತು ಗಂಟ್ಲು ಕಟ್ಟದೆ ಅನ್ಕಂಡಿದ್ವಿ ಮೇಡಂ. ಕಾಮಗೆರೆ ತಲುಪೋ ಒತ್ಗೆ ಸರಿಯಾಗ್ಬುಡದು.”

ಅಂಗಡಿಯಲ್ಲಿದ್ದವರು ನಕ್ಕರು. ಕವಿತ ನಗಲಿಲ್ಲ. ಒಂದೂವರೆ ವರ್ಷ! ಮುಂದಿನ ಸೀಟಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತು, ಸದ್ಯ ಯಾರೂ ನಗುತ್ತಿಲ್ಲವಲ್ಲ ಅಂತ ಹಾಯಾಗಿ ಪ್ರಯಾಣ ಮಾಡಿದ್ದಳು. ಯಾಕೆ ನಗುತ್ತಿಲ್ಲ ಅಂತ ತಲೆಯೆತ್ತಿ ನೋಡಿರಲಿಲ್ಲ. ಹೋದ ವರ್ಷ ಡಾಕ್ಟರು ಕತ್ತರಿಸಿದ ದನಿಯನ್ನು ವಾಪಸು ತರುತ್ತೇನೆ ಅಂತ ಒಂದು ತಿಂಗಳು ಈ ಅಂಗಡಿಗೆ ಅಲೆದವಳು, ಅದಕ್ಕೂ ಮೊದಲು ಅದೇ ದನಿಯನ್ನು ತಾನೇ ಅಡಗಿಸಿದ್ದಳು. ಅಪ್ಪ ಅದನ್ನು ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಎತ್ತಿ ಆಡಿರಲಿಲ್ಲ. ಅವಳಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ತಲೆ ಬಗ್ಗಿಸಿಕೊಂಡು ಉಳಿದಿದ್ದ ಊರುಗಳನ್ನು ಒತ್ತಿದಳು. ಅಕ್ಷರಗಳು ಕಲಸಿಕೊಂಡು ಕಾಣುತ್ತಿದ್ದವು.

“ಏನ್ ಮಾಡಣ ಮೇಡಂ? ಬಿಲ್ ಆಕ್ಲಾ?” ನಟರಾಜು ಕೇಳಿದ.

“ಮಾತಾಡೋರು ಅಪ್ಪ. ಅವರನ್ನೇ ಕೇಳಿ,” ಅಂದು ಫೋನನ್ನು ಮಾದಣ್ಣನ ಕೈಗಿಟ್ಟಳು.

ಮಾದಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ ಒತ್ತತೊಡಗಿದ, ಒಂದು ಕಡೆ ತಪ್ಪಿ ಅಳಿಸಿ ಮತ್ತೆ ಒತ್ತಿದ. ಬೇಕು ಅನ್ನುತ್ತಾನೋ ಬೇಡ ಅನ್ನುತ್ತಾನೋ ಅಂತ ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು. ಶನಿವಾರದ ಸಂಜೆ, ಅಂಗಡಿ ತುಂಬ ಜನ, ಹೊರಗೆ ಬಸ್ಸುಗಳ ಗಲಾಟೆ. ಅದರ ನಡುವೆ ಮಾದಣ್ಣನ ದನಿ, ಅವನದೇ ಮಾತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಎದ್ದಿತು.

“ಕವೀ, ನಾನ್ ಇಂಗೇ ನಾಕ್ ಜನದ್ ಮುಂದೆ ಮಾತಾಡುದ್ರೆ ನಿಂಗ್ ನಾಚ್ಕೆ ಆಗಲ್ವಾ ಮಗಾ? ಆಗದಾದ್ರೆ ಬ್ಯಾಡ ಬುಡು, ಅಳೇದೇ ಸಾಕು.”

ಅವನು ಹಂಗಿಸಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವನಿಗೆ. ಫೋನನ್ನು ಮಂಡಿಯ ಮೇಲಿಟ್ಟುಕೊಂಡು ಮಗಳ ಉತ್ತರಕ್ಕೆ ಕಾಯುತ್ತ ಕೂತ.

ಕವಿತ ಸ್ಟೂಲಿನಿಂದಿಳಿದು ಅವನ ಮುಂದೆ ನೆಲದ ಮೇಲೇ ಕೂತುಬಿಟ್ಟಳು. ಅವನ ಎರಡೂ ಮಂಡಿ ಹಿಡಿದುಕೊಂಡಳು. ಬಿಕ್ಕುತ್ತ ಬಿಕ್ಕುತ್ತ ಮಾತು ಬಂತು.

“ಇಲ್ಲ ಕಣಪ್ಪ. ಏನ್ ಏಳ್ಬೇಕೋ ಎಲ್ಲಾನೂ ಏಳು. ಜೋರಾಗ್ ಏಳು.”